ನಿಧಾನದ ಹಾಡು

"ಗಂಟ್ಲಿಗೆ ಮಣ್ ತುಂಬ್ಕಂಡಿದ್ದೀಯೇನ್ಲಾ, ಸೂಳೆಮಗ್ನೆ? ಹೆಣ ಹೊರೋರ್ ಥರ ಎಳೀತಾ ಇದ್ದೀಯ! ಬಿರಬಿರನೆ ಹಾಡು!"

ಕ್ಯಾಪ್ಟನ್ ಟಾರ್ಪ್ಲಿಯ ಕುದುರೆ ಹೊಸಿಯಾನ ಹೆಗಲಿಗೆ ಮೂತಿ ತಾಗಿಸಿಕೊಂಡು ನಿಂತಿತ್ತು. ಹೊಸಿಯಾ ತಲೆ ಎತ್ತಲಿಲ್ಲ. ಮಿಸಿಸಿಪ್ಪಿಯ ಆ ಜೈಲು ಹೊಲದಲ್ಲಿ ಬಿಳಿಯನ ಮುಖ ನೋಡಿ ಮಾತಾಡಿದ ಕರಿಯನಿಗೆ ಮಾತು ಮುಗಿಯುವುದರೊಳಗೆ ಏಟು ಬೀಳುತ್ತಿತ್ತು.

"ಆಗ್ಲಿ ಬುದ್ಧಿ" ಎಂದ.

ಸಾಲಿನಲ್ಲಿ ಇಪ್ಪತ್ತೆರಡು ಜನ ಪಟ್ಟೆ ಅಂಗಿಯವರು, ಹತ್ತಿ ಗಿಡದ ಬುಡದ ಕಳೆ ಕೀಳುವವರು. ಹೊಸಿಯಾ ಹಾಡಿನ ಸೊಲ್ಲು ಎತ್ತಿದರೆ ಗುದ್ದಲಿಗಳು ಏಳುತ್ತವೆ, ಸೊಲ್ಲು ಇಳಿಸಿದರೆ ಬೀಳುತ್ತವೆ. ಎಲ್ಲವೂ ಒಟ್ಟಿಗೇ ಬಿದ್ದರೆ ಯಾವನು ಮೈ ಮುರಿದು ಹೊಡೆದ, ಯಾವನು ಸುಮ್ಮನೆ ಮಣ್ಣು ಸವರಿದ ಎಂಬುದು ಕುದುರೆ ಮೇಲೆ ಕೂತವನಿಗೆ ಗೊತ್ತಾಗುವುದಿಲ್ಲ. ಹಾಡು ಇರುವುದೇ ಅದಕ್ಕೆ. ಪಟ್ಟಣದವರು ಇದನ್ನು ಬ್ಲೂಸ್ ಎಂದು ಕರೆದು, ಗ್ರಾಮಫೋನ್ ತಟ್ಟೆಯಲ್ಲಿ ತಿರುಗಿಸಿ, ಕಣ್ಣು ಮುಚ್ಚಿಕೊಂಡು ಕೇಳುತ್ತಾರಂತೆ. ಕೇಳಲಿ ಪಾಪ. ಇಲ್ಲಿ ಅದು ಬೆನ್ನಿನ ತೊಗಲು ಉಳಿಸಿಕೊಳ್ಳುವ ಉಪಾಯ.

ಮೂರು ದಿನದಿಂದ ಉಳಿಯಬೇಕಾಗಿದ್ದದ್ದು ಲೆಮ್ ತಾತನ ತೊಗಲು. ಹೊಸಿಯಾನ ಬಲಗಡೆ ಅವನ ಸಾಲು. ಜ್ವರದಲ್ಲಿ ಮೈ ಕೆಂಡವಾಗಿತ್ತು, ಬೆಳಿಗ್ಗೆ ತಿಂದ ಜೋಳದ ರೊಟ್ಟಿ ಹೊಟ್ಟೆಯಲ್ಲಿ ನಿಂತಿರಲಿಲ್ಲ. ಡಾಕ್ಟರು ನಾಲಿಗೆ ನೋಡಿ, "ಕಳ್ಳಾಟ" ಎಂದು ಹೊಲಕ್ಕೆ ಅಟ್ಟಿದ್ದ. ಹಿಂದೆ ಬಿದ್ದವನಿಗೆ ತೊಗಲಿನ ಪಟ್ಟಿಯ ಏಟು. ಈ ಮೈಗೆ ಪಟ್ಟಿ ಬಿದ್ದರೆ ಮುದುಕ ಏಳುವುದಿಲ್ಲವೆಂದು ಸಾಲಿಗೆಲ್ಲ ಗೊತ್ತಿತ್ತು.

ಕ್ಯಾಪ್ಟನ್ ಬಗ್ಗಿ, ಜೇಬಿನಿಂದ ಮಡಿಸಿದ ಕಾಗದವೊಂದನ್ನು ತೆಗೆದು ಹೊಸಿಯಾನ ಮೂಗಿನ ಮುಂದೆ ಆಡಿಸಿದ.

"ಏನ್ ಗೊತ್ತೇನ್ಲಾ ಇದು? ನಿನ್ ಬಿಡುಗಡೆ. ನನ್ದೊಂದ್ ಸೈನ್ ಬಾಕಿ ಐತೆ. ಹೊತ್ ಮುಳುಗೋದ್ರೊಳ್ಗೆ ಕಳೆ ಕೀಳೋದು ಹೊಳೆ ಏರಿ ಮುಟ್ಟಿದ್ರೆ ನೀನ್ ನಿನ್ ಮಗಳ ಹತ್ರ. ಮುಟ್ದೆ ಹೋದ್ರೆ ನೀನ್ ಇಲ್ಲೇ ಗೊಬ್ರ."

ಹೊಸಿಯಾ ಜೈಲಿಗೆ ಬಂದಾಗ ಮಗಳು ಇಡೆಲಾ ಹಾಲು ಕುಡಿಯುವ ಕೂಸು. ಈಗ ಒಂಬತ್ತು ವರ್ಷ. ಭೇಟಿಯ ಭಾನುವಾರ ಬಂದರೆ ಅವನನ್ನು 'ಸಾರ್' ಎಂದು, ಯಾರೋ ಹೊರಗಿನವರನ್ನು ಕರೆದಂತೆ ಕರೆಯುತ್ತಾಳೆ. ಆ ಕಾಗದದ ಮೇಲೆ ಅವನಿಗೆ ಎಷ್ಟು ಆಸೆಯಾಯಿತೆಂದರೆ ಬಾಯಿ ಒಣಗಿತು.

"ಹಾಡ್ಲಾ ಮಗ, ಬ್ಯಾಗ ಹಾಡು" ಎಂದ ಲೆಮ್ ತಾತ, ತುಟಿ ಅಲ್ಲಾಡಿಸದೆ. "ನನ್ ಗ್ಯಾನ ಬಿಡು. ಅರವತ್ತಾತು, ನಂದೇನೈತೆ ಇಲ್ಲಿ ಕಿತ್ಕಳಾಕೆ? ಕಳೆ ಒಂದೇಯ."

ಹೊಸಿಯಾ ಬೇಗ ಹಾಡಿದ. ಹಾಡಿದನೆಂದು ಹೇಳಲು ನಾಚಿಕೆ ಯಾಕೆ? ಹಾಡಿದ. ಗುದ್ದಲಿಗಳು ದಡದಡ ಬಿದ್ದವು. ಅರ್ಧ ಸಾಲು ಹೋಗುವಷ್ಟರಲ್ಲಿ ಎಲ್ಲ ಗುದ್ದಲಿ ಬಿದ್ದ ಮೇಲೆ ಹಿಂದಿನಿಂದ ಒಂದು ಗುದ್ದಲಿ, ಟಪ್ ಎಂದು ಒಂಟಿಯಾಗಿ ಬಿತ್ತು. ಮತ್ತೊಂದು ಸಲ, ಟಪ್. ಆ ಸದ್ದಿಗೆ ಕ್ಯಾಪ್ಟನ್ನನ ಕತ್ತು ಲೆಮ್ ತಾತನ ಕಡೆಗೆ ತಿರುಗತೊಡಗಿತು.

ಹೊಸಿಯಾ ಉಸಿರೆಳೆದುಕೊಂಡು ಸೊಲ್ಲನ್ನು ಎಳೆದ, ಮೊದಲಿಗಿಂತಲೂ ನಿಧಾನ.

"ಏರಿ ಮ್ಯಾಲೆ ರೈಲು ಬಂತು, ನನ್ನೋಳು ಇಳೀಲಿಲ್ಲ...
ಏರಿ ಮ್ಯಾಲೆ ರೈಲು ಬಂತು, ನನ್ನೋಳು ಇಳೀಲಿಲ್ಲ...
ಸೂರ್ಯಂಗೂ ಮನೆ ಐತಂತೆ, ಅವ್ನೂ ಹೋಗ್ತಾ ಇಲ್ಲ..."

ಗುದ್ದಲಿಗಳು ಒಟ್ಟಿಗೆ ಬಿದ್ದವು. ಒಂಟಿ ಸದ್ದು ಅವುಗಳೊಳಗೆ ಸೇರಿಕೊಂಡು ಹೋಯಿತು.

ಕ್ಯಾಪ್ಟನ್ ಇಳಿದ. ಕಾಗದದಿಂದ ಕುದುರೆಯ ಬಾಯಿಯ ನೊರೆ ಒರೆಸಿ ಹೊಸಿಯಾನ ಕಾಲ ಬುಡಕ್ಕೆ ಎಸೆದ.

"ತಗಳ್ಲಾ ನಿನ್ ಬಿಡುಗಡೆ. ಬಿಚ್ಚು ಅಂಗಿ. ಉಳ್ದ ಬಡ್ಡೆತ್ತವೇ, ಕೆಲ್ಸ ನಡೀಲಿ! ಒಬ್ಬನ್ ಬಾಯಿಂದ ಹಾಡು ಬಂದ್ರೂ ನಾಲ್ಗೆ ಕುಯ್ತೀನಿ!"

ಬಂದೂಕು ಹಿಡಿದ ಕಾವಲಿನವನೂ ಪಟ್ಟೆ ಅಂಗಿಯ ಕೈದಿಯೇ. ಅವನೇ ಹೊಸಿಯಾನ ಕತ್ತಿನ ಮೇಲೆ ಮಂಡಿಯೂರಿ ಕೂತ. "ನನ್ ಬೈಕಬ್ಯಾಡ ಕಣಣ್ಣ" ಎಂದು ಕಿವಿಯಲ್ಲಿ ಪಿಸುಗುಟ್ಟಿ, ತಲೆಯನ್ನು ಮಣ್ಣಿಗೆ ಒತ್ತಿದ. ಪಟ್ಟಿ ಬಿತ್ತು. ಮತ್ತೆ ಬಿತ್ತು. ಹೊಸಿಯಾ ಕಿರುಚಿದ, ಉಚ್ಚೆ ಹೊಯ್ದುಕೊಂಡ. ನೋವಿಗಿಂತ ಹೆಚ್ಚಾಗಿ ಸಾಕಾಗಿತ್ತು ಅವನಿಗೆ. ಒಂಬತ್ತು ವರ್ಷದ ಸಾಕು ಅದು. ಹಾಡಿಲ್ಲದ ಸಾಲಿನಲ್ಲಿ ಮುದುಕ ಇಷ್ಟು ಹೊತ್ತಿಗೆ ಸಿಕ್ಕಿಬಿದ್ದಿರುತ್ತಾನೆ, ಇದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು ಎಂದುಕೊಂಡ.

ಆಗ ಮಣ್ಣಿಗೆ ಒತ್ತಿದ ಕಿವಿಗೆ ಕೇಳಿತು. ದಂ. ನೆಲದೊಳಗಿಂದ ಬಂದ ಸದ್ದು. ಆಮೇಲೆ ಒಂದು ಉದ್ದನೆಯ ಸೊಲ್ಲು ಎಳೆಯುವಷ್ಟು ಹೊತ್ತು ಏನೂ ಇಲ್ಲ. ಮತ್ತೆ ದಂ. ಅದೇ ಅಳತೆ. ಅವನು ಬಿಟ್ಟಲ್ಲಿಂದಲೇ ಸಾಲಿನವರು ಗುದ್ದಲಿಯಲ್ಲಿ ಹಾಡು ಹಿಡಿದಿದ್ದರು. ಹಿಂದೆ ಬೀಳುವ ಒಂಟಿ ಟಪ್ಪಿಗಾಗಿ ಹೊಸಿಯಾ ಕಿವಿಗೊಟ್ಟು ಹುಡುಕಿದ. ಸಿಗಲಿಲ್ಲ.

ಪಟ್ಟಿ ಅರ್ಧಕ್ಕೆ ನಿಂತಿತು.

"ಯಾವನ್ಲಾ ಅದು ಹಾಡ್ತಿರೋನು?" ಕ್ಯಾಪ್ಟನ್ ಅರಚಿದ.

ಸಾಲಿನಲ್ಲಿ ಯಾರ ಬಾಯೂ ತೆರೆದಿರಲಿಲ್ಲ. ಗುದ್ದಲಿಗಳು ಮೇಲೆದ್ದಿದ್ದವು.