ತಮ್ಮನಿಗೆ ಕಾಳಿನ ಬರ್ಗರ್

ಒಂಬತ್ತು ವರ್ಷ ನಮ್ಮ ಮನೆಯ ಮೆಟ್ಟಿಲು ಹತ್ತದಿದ್ದ ತಮ್ಮನ ಹೆಂಡತಿ ಬಾಗಿಲು ತಟ್ಟಿದಾಗ ನಾನು ಬಕೆಟ್ಟಿನಲ್ಲಿ ಬಟ್ಟೆ ನೆನೆಹಾಕುತ್ತಿದ್ದೆ. ಒಳಗೆ ಬಂದವಳು ಕೂರಲಿಲ್ಲ. ಅವಳು ಮನೆಯಲ್ಲೇ ಹೊಲಿಗೆ ಮಾಡುವವಳು. ಅಳತೆಯ ಟೇಪು ಇನ್ನೂ ಕೊರಳಲ್ಲೇ ನೇತಾಡುತ್ತಿತ್ತು.

"ಭಾವ, ಅವರು ಊಟ ಬಿಟ್ಟಿದ್ದಾರೆ."

ತಮ್ಮನಿಗೆ ಎದೆಯ ಆಪರೇಷನ್ ಆಗಿ ಒಂದು ತಿಂಗಳಾಗಿತ್ತು. ಅದನ್ನೂ ನಾನು ಬೇರೆಯವರ ಬಾಯಿಂದಲೇ ಕೇಳಿದ್ದೆ. ಡಾಕ್ಟರು ಮಾಂಸ ಮುಟ್ಟಕೂಡದು ಎಂದಿದ್ದರಂತೆ. ತರಕಾರಿ ಬೇಯಿಸಿ ಕೊಟ್ಟರೆ ತಟ್ಟೆ ತಳ್ಳುತ್ತಾನೆ, ಸೂಪು ಕೊಟ್ಟರೆ ಗೋಡೆಯ ಕಡೆ ತಿರುಗಿ ಮಲಗುತ್ತಾನೆ.

"ತಿಂದ್ರೆ ಬರ್ಗರ್ರೇ ಬೇಕಂತೆ, ಗಾಡೀಲಿ ಮಾಡ್ತಿದ್ರಲ್ಲ ಅದು. ಕಾಳಲ್ಲೂ ಮಾಡ್ಬಹುದು ಅಂತ ಯಾರೋ ಹೇಳಿದ್ರು, ಮಾಡ್ದೆ. ಕಾವಲಿ ಮೇಲೆ ಹಾಕಿದ್ದೇ ತಡ, ಪುಡಿಪುಡಿ. 'ಇದೇನು ಗೋಡೆಗೆ ಮೆತ್ತೋದಾ, ನಾನು ತಿನ್ನೋದಾ' ಅಂದ್ರು. ನೀವು ಹೇಳ್ಕೊಡಿ."

"ನಾನು ಅಂತ ಗೊತ್ತಾದ್ರೆ?"

"ಗೊತ್ತಾಗ್ಬಾರ್ದು. ಗೊತ್ತಾದ್ರೆ ನೀರೂ ಮುಟ್ಟಲ್ಲ."

ನಾನು ಕೈ ಒರೆಸಿಕೊಂಡು ಡಬ್ಬಿಯಿಂದ ಕಾಳು ತೆಗೆದೆ.

ನಾವಿಬ್ಬರೂ ಇಪ್ಪತ್ತೆರಡು ವರ್ಷ ಆಟದ ಮೈದಾನದ ಗೇಟಿನ ಮುಂದೆ ಬರ್ಗರ್ ಗಾಡಿ ನಡೆಸಿದವರು. ನಾನು ಹಿಂದೆ ನಿಂತು ಮಾಂಸ ಕೊಚ್ಚಿ ಬಿಲ್ಲೆ ತಟ್ಟುತ್ತಿದ್ದೆ. ಅವನು ಮುಂದೆ ಕಾವಲಿಯ ಹತ್ತಿರ. ನನ್ನ ಬಾಯಿ ಮೊದಲಿಂದಲೂ ಕಡಿಮೆ. ಅವನದು ಬೀದಿಯ ಆ ತುದಿಗೆ ಕೇಳಬೇಕು. "ಅಣ್ಣ ತಟ್ತಾನೆ, ತಮ್ಮ ಸುಡ್ತಾನೆ, ನೀವು ತಿಂದು ಹೊಗಳಿ" ಎಂದು ಕೂಗುತ್ತಿದ್ದ. ಮಾಂಸದ ಬಿಲ್ಲೆ ಕಾವಿಗೆ ನಡುವೆ ಉಬ್ಬುತ್ತದೆ. ಉಬ್ಬಿದರೆ ಬನ್ನಿನಲ್ಲಿ ಕೂರುವುದಿಲ್ಲ. ಅದಕ್ಕೆ ತಟ್ಟಿದ ಮೇಲೆ ನಡುವೆ ಹೆಬ್ಬೆರಳಿಂದ ಒಂದು ಗುಳಿ ಒತ್ತಬೇಕು. ನನ್ನ ಹೆಬ್ಬೆರಳು ಒಮ್ಮೆ ಕೊಚ್ಚುವ ಮಷಿನ್ನಿಗೆ ಸಿಕ್ಕಿ ಸೊಟ್ಟಗಾದದ್ದು, ಗುಳಿಯೂ ಸೊಟ್ಟ. "ನಿನ್ನ ರುಜು ಬಿತ್ತು ನೋಡು" ಎಂದು ತಮ್ಮ ನಗುತ್ತಿದ್ದ.

ಒಂಬತ್ತು ವರ್ಷದ ಹಿಂದೆ ಅಮ್ಮ ನನ್ನ ಮನೆಯಲ್ಲಿ ಹಾಸಿಗೆ ಹಿಡಿದಿದ್ದಳು. ಆ ದಿನ ಮೈದಾನದಲ್ಲಿ ದೊಡ್ಡ ಪಂದ್ಯ, ಗಾಡಿಯ ಮುಂದೆ ಕಾಲಿಡಲು ಜಾಗವಿಲ್ಲ. ಪಕ್ಕದ ಮನೆಯಾಕೆ ಹಿಂದಿನಿಂದ ಬಂದು ನನ್ನ ಕಿವಿಯಲ್ಲಿ, "ಇಬ್ರನ್ನೂ ಕೇಳ್ತಿದ್ದಾರೆ, ಈಗ್ಲೇ ಬನ್ನಿ" ಎಂದಳು. ಮುಂದೆ ತಮ್ಮ ಬೆವರು ಸುರಿಸಿಕೊಂಡು ಹತ್ತು ಬಿಲ್ಲೆ ಒಟ್ಟಿಗೆ ಮಗುಚುತ್ತಿದ್ದ. ನಾನು ಲೆಕ್ಕ ಹಾಕಿದೆ: ಅಮ್ಮ ವಾರದಿಂದ ಹೀಗೇ ಕರೆಯುತ್ತಿದ್ದಾಳೆ, ಪಂದ್ಯ ಮುಗಿಯಲಿ, ಜನ ಕರಗಲಿ, ಆಮೇಲೆ ಹೇಳಿದರಾಯಿತು. ಈಗ ಹೇಳಿದರೆ ಇವನು ಎಲ್ಲ ಬಿಸಾಕಿ ಓಡುತ್ತಾನೆ. ನಾನು ಬಾಯಿ ಮುಚ್ಚಿಕೊಂಡು ಬಿಲ್ಲೆ ತಟ್ಟಿದೆ.

ನಾವು ಹೋದಾಗ ಅಮ್ಮನ ಮುಖಕ್ಕೆ ಬಟ್ಟೆ ಹೊದಿಸಿದ್ದರು. ಪಕ್ಕದ ಮನೆಯಾಕೆ ಅಳುತ್ತಾ, "ನಾನು ಬಂದು ಹೇಳಿದ್ನಲ್ಲ" ಎಂದುಬಿಟ್ಟಳು. ತಮ್ಮ ನನ್ನ ಮುಖ ನೋಡಿದ. ಮಣ್ಣು ಮಾಡಿ ಬಂದ ಮೇಲೆ ಅವನು ಗಾಡಿಯ ಕಡೆ ತಿರುಗಲಿಲ್ಲ, ನನ್ನ ಕಡೆಯೂ ತಿರುಗಲಿಲ್ಲ. ಒಬ್ಬನಿಂದ ಆಗುವ ಕೆಲಸವಲ್ಲ, ಗಾಡಿ ನಿಂತಿತು.

ಒಂದು ಸಲ, ಒಂದೇ ಒಂದು ಸಲ, ಅವನ ಎದುರು ಕೂತು ತಪ್ಪಾಯಿತು ಎನ್ನಬೇಕು ಎಂಬುದು ನನ್ನ ಆಸೆ. ಒಂಬತ್ತು ವರ್ಷ ಅದನ್ನು ನಾಳೆ ನಾಳೆ ಎಂದು ತಳ್ಳಿದ್ದೆ. ಆಪರೇಷನ್ನಿನ ಸುದ್ದಿ ಕೇಳಿದ ಮೇಲೆ ನಾಳೆ ಎನ್ನಲು ಭಯವಾಗತೊಡಗಿತ್ತು.

ಮಾರನೆಯ ಬೆಳಿಗ್ಗೆ ತಮ್ಮನ ಹೆಂಡತಿ ನೋಟ್‌ಬುಕ್ಕು ಹಿಡಿದು ಬಂದಳು. ನೆನೆದ ಕೆಂಪು ರಾಜ್ಮಾ ಕಾಳನ್ನು ನಾನು ಆಗಲೇ ಬೇಯಿಸಿ, ಬಸಿದು, ಮೇಜಿನ ಮೇಲೆ ಬಟ್ಟೆ ಹಾಸಿ ಹರವಿದ್ದೆ.

"ಇದನ್ಯಾಕೆ ಒಣಗಿಸ್ತೀರಿ?"

"ನೀನು ನೀರಿಂದ ತೆಗ್ದು ನೇರ ಅರೆದಿರ್ತೀಯ. ಅದಕ್ಕೇ ಪುಡಿಯಾಗಿದ್ದು. ಸಿಪ್ಪೆ ಬಿರಿಯೋವರೆಗೂ ಆರ್ಬೇಕು."

"ಎಷ್ಟು ಹೊತ್ತು?"

"ಬಿರಿಯೋವರೆಗೂ."

"ಭಾವ, ನಾನು ಟೈಲರು. ಇಂಚಲ್ಲಿ ಹೇಳಿ."

ಅಣಬೆಯನ್ನೂ ಈರುಳ್ಳಿಯನ್ನೂ ಸಣ್ಣಗೆ ಕೊಚ್ಚಿ, ನೀರೆಲ್ಲ ಹೋಗಿ ಅಂಚು ಕಪ್ಪಾಗುವವರೆಗೆ ಹುರಿದೆ. ಮಾಂಸವಿಲ್ಲ ಎಂಬುದನ್ನು ಮರೆಸುವುದು ಆ ಕಪ್ಪೇ. ಅದಕ್ಕೆ ಬೆಳ್ಳುಳ್ಳಿ, ಹುರಿದು ಕುಟ್ಟಿದ ಜೀರಿಗೆ, ಕಾಳುಮೆಣಸು, ಹೊಗೆಯಲ್ಲಿ ಒಣಗಿಸಿದ ಮೆಣಸಿನಕಾಯಿಯ ಪುಡಿ. ಕಾಳಿನಲ್ಲಿ ಅರ್ಧ ನುಣ್ಣಗೆ ಹಿಸುಕಿ, ಅರ್ಧ ಹಲ್ಲಿಗೆ ಸಿಗುವಂತೆ ಬಿಟ್ಟೆ. ಎಲ್ಲ ಸೇರಿಸಿ, ಒಣ ಬ್ರೆಡ್ಡಿನ ಪುಡಿ ಹಾಕಿ ಕಲಸಿ, ಫ್ರಿಜ್ಜಿನಲ್ಲಿಟ್ಟೆ. ಗಟ್ಟಿಯಾದ ಮೇಲೆ ಅಂಗೈ ಒದ್ದೆ ಮಾಡಿಕೊಂಡು ಬಿಲ್ಲೆ ತಟ್ಟಿದೆ. ಹೆಬ್ಬೆರಳು ತಾನಾಗಿ ಮುಂದೆ ಹೋಯಿತು. ತಡೆದೆ. ಕಾಳು ಉಬ್ಬುವುದಿಲ್ಲ, ಗುಳಿ ಒತ್ತಿದರೆ ಅಲ್ಲೇ ಬಿರುಕು ಬಿಡುತ್ತದೆ. ಅದಕ್ಕಿಂತ ಹೆಚ್ಚಾಗಿ, ಆ ಗುಳಿ ಯಾರದು ಎಂದು ತಮ್ಮನಿಗೆ ಕಣ್ಣು ಮುಚ್ಚಿದರೂ ಗೊತ್ತಾಗುತ್ತದೆ.

ಅವಳು ಒಂದನ್ನು ಸುಟ್ಟು ಬಾಯಿಗೆ ಹಾಕಿಕೊಂಡು ನೋಟ್‌ಬುಕ್ಕು ಮುಚ್ಚಿದಳು.

"ಇದನ್ನ ನಾನು ಕಲಿಯೋ ಹೊತ್ತಿಗೆ ಅವರ ಮೈಮೇಲೆ ಮೂಳೆ ಮಾತ್ರ ಇರುತ್ತೆ. ಒಂದಷ್ಟು ದಿನ ನೀವೇ ತಟ್ಟಿ ಕೊಟ್ಬಿಡಿ ಭಾವ. ಶಾಲೆ ಯೂನಿಫಾರಂ ಬೇರೆ ತಲೆ ಮೇಲೆ ಕೂತಿದೆ. ಸುಡೋದು ನಾನು ಸುಟ್ಕೋತೀನಿ."

ಕಲಿತುಕೋ ಎಂದು ನಾನೂ ಬಲವಂತ ಮಾಡಲಿಲ್ಲ. ನನ್ನ ಕೈಯಿಂದ ಅವನ ಬಾಯಿಗೆ ಏನೋ ಹೋಗುತ್ತಿದೆ, ಅಷ್ಟು ಸಾಕಾಗಿತ್ತು.

ಹೀಗೆ ಐದು ವಾರ. ದಿನ ಬಿಟ್ಟು ದಿನ ಅವಳು ಬರುತ್ತಿದ್ದಳು, ಡಬ್ಬಿಯಲ್ಲಿ ಆರು ಬಿಲ್ಲೆ ಒಯ್ಯುತ್ತಿದ್ದಳು. ಮೊದಲ ದಿನ ಅರ್ಧ ತಿಂದನಂತೆ. ಮೂರನೆಯ ವಾರಕ್ಕೆ ಎರಡು. ಮೆಟ್ಟಿಲಿಳಿದು ಬೀದಿಯ ತುದಿಯವರೆಗೆ ನಡೆದು ಬಂದನಂತೆ. ನಾನು ಬಾಗಿಲಲ್ಲೇ ನಿಂತು ಕೇಳುತ್ತಿದ್ದೆ, ಅವಳು ಹೇಳಿದ್ದನ್ನೇ ಇನ್ನೊಮ್ಮೆ ಕೇಳುತ್ತಿದ್ದೆ.

ಐದನೆಯ ವಾರ ಅವಳು ನಗುನಗುತ್ತಾ ಬಂದಳು. "ನಿನ್ನೆ ಏನಂದ್ರು ಗೊತ್ತಾ? 'ನೀನು ಇಷ್ಟು ವರ್ಷ ಸುಮ್ನೆ ಬಟ್ಟೆ ಹೊಲೀತಾ ಕೂತೆ, ನಮ್ಮ ಗಾಡೀಲಿ ನಿಂತಿದ್ರೆ ನಮ್ಮಣ್ಣನ್ನ ಮನೆಗೆ ಕಳಿಸಿಬಿಡ್ಬಹುದಿತ್ತು' ಅಂದ್ರು!"

ನಮ್ಮಣ್ಣ. ಒಂಬತ್ತು ವರ್ಷದಲ್ಲಿ ಆ ಮಾತು ಅವನ ಬಾಯಲ್ಲಿ ಬಂದದ್ದು ಅದೇ ಮೊದಲು ಎಂದು ಅವಳೇ ಹೇಳಿದಳು.

ಅವಳು ಒಳಗೆ ನೀರು ಕುಡಿಯಲು ಹೋದಳು. ನಾನು ಬಿಲ್ಲೆ ತಟ್ಟುತ್ತಿದ್ದೆ. ಕೊನೆಯದರ ನಡುವೆ ಸೊಟ್ಟ ಗುಳಿಯೊಂದು ಬಿದ್ದಿತ್ತು. ಕೈ ತಪ್ಪಿ ಬಿತ್ತು ಎಂದು ಆಮೇಲೆ ಅವಳ ಮುಂದೆ ಹೇಳಿದೆ. ಬಿದ್ದದ್ದು ಕೈ ತಪ್ಪಿಯೇ ಇರಬಹುದು. ಆದರೆ ನಾನು ಅದನ್ನು ನೋಡಿದೆ. ಒದ್ದೆ ಬೆರಳಾಡಿಸಿದ್ದರೆ ಅಳಿಸಿಹೋಗುತ್ತಿತ್ತು. ಅಳಿಸಲಿಲ್ಲ. ಅದನ್ನು ಎಲ್ಲದರ ಕೆಳಗಿಟ್ಟು ಡಬ್ಬಿಯ ಮುಚ್ಚಳ ಒತ್ತಿದೆ. ಗೊತ್ತಾಗಲಿ, ಈಗ ಗೊತ್ತಾದರೆ ನಕ್ಕುಬಿಡುತ್ತಾನೆ ಎನಿಸಿತ್ತು.

ಮಾರನೆಯ ದಿನ ಮಧ್ಯಾಹ್ನ ಅವಳು ಡಬ್ಬಿಯನ್ನು ಹಾಗೇ ವಾಪಸು ತಂದು ಮೇಜಿನ ಮೇಲೆ ಕುಕ್ಕಿದಳು.

"ನಿಮ್ಮ ಹೆಬ್ಬೆರಳಿಗೆ ಸುಮ್ನಿರೋಕೆ ಏನು ಕಷ್ಟ ಭಾವ?"

"ಏನಂದ?"

"ಡಬ್ಬಿ ತಟ್ಟೆಗೆ ಬೋರಲು ಹಾಕಿ, ಮೇಲೆ ಬಂದದ್ದನ್ನೇ ಸುಡೋಕೆ ಹೋದೆ. ಹಿಂದೇನೇ ನಿಂತಿದ್ರು. ಕಾವಲಿ ಮೇಲಿಂದ ಬರಿಗೈಲಿ ಎತ್ಕೊಂಡು ನೋಡಿದ್ರು. 'ಎಷ್ಟು ದಿನದಿಂದ?' ಅಂದ್ರು. ಹೇಳ್ದೆ. ಏನ್ಮಾಡ್ಲಿ, ಸುಳ್ಳು ಹೇಳೋಕೆ ಬಾಯಿ ಬರ್ಲಿಲ್ಲ." ಅವಳು ಡಬ್ಬಿಯನ್ನು ನನ್ನ ಕಡೆ ತಳ್ಳಿದಳು. "ಕೂಗಾಡಿದ್ರೆ ಚೆನ್ನಾಗಿತ್ತು. 'ಆವತ್ತು ಅಮ್ಮನ ಸುದ್ದಿ ಮುಚ್ಚಿಟ್ಟ, ಇವತ್ತು ತನ್ನನ್ನೇ ಮುಚ್ಚಿಟ್ಟ. ನಾನೇನು ತಿಳೀಬೇಕು, ಏನು ತಿಳೀಬಾರ್ದು ಅಂತ ಇನ್ನೂ ಅವನೇ ತೀರ್ಮಾನ ಮಾಡ್ತಾನೆ. ಈಗ ನೀನೂ ಸೇರ್ಕೊಂಡೆ' ಅಂದ್ರು. ನಿನ್ನೆಯಿಂದ ಒಂದು ತುತ್ತು ಇಳಿದಿಲ್ಲ."

ನಾನು ಚಪ್ಪಲಿ ಮೆಟ್ಟಿಕೊಂಡೆ.

"ಎಲ್ಲಿಗೆ?"

"ಅಲ್ಲಿಗೇ."

ನಾಲ್ಕು ಮಹಡಿ ಹತ್ತುವಾಗ ಮೂರು ಕಡೆ ಕೂತೆ. ತಮ್ಮ ಕಿಟಕಿಯ ಪಕ್ಕ ಕುರ್ಚಿಯಲ್ಲಿದ್ದ. ಸೊರಗಿದ ಕತ್ತು ಅಂಗಿಯ ಕಾಲರಿನಲ್ಲಿ ಅಲ್ಲಾಡುತ್ತಿತ್ತು. ಎದುರಿನ ಕುರ್ಚಿಯ ಮೇಲೆ ಯೂನಿಫಾರಂ ಬಟ್ಟೆಯ ರಾಶಿ. ಯಾರೂ ಅದನ್ನು ತೆಗೆಯಲಿಲ್ಲ, ನಾನು ನಿಂತೇ ಇದ್ದೆ. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತು ಅವನ ಮುಖ ನೋಡಿದ್ದೇ ಚೆದುರಿತು.

ಅವನೇ ಬಾಯಿಬಿಟ್ಟ. "ಒಂದು ಕೇಳ್ತೀನಿ. ಈ ಸಲ ನನ್ನ ಒಳ್ಳೇದು ಕೆಟ್ಟದ್ದು ನೋಡ್ಬೇಡ. ಪಕ್ಕದ ಮನೆಯವಳು ಬಂದು ಹೇಳ್ದಾಗ ಪಂದ್ಯ ಎಲ್ಲಿಗೆ ಬಂದಿತ್ತು?"

ಕೊನೆಗೆ ಬಂದಿತ್ತು, ಓಡಿದ್ದರೂ ಸಿಗುತ್ತಿರಲಿಲ್ಲ ಎನ್ನಬಹುದಿತ್ತು. ಆ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಕಣ್ಣಿನಲ್ಲೇ ಹಾಗೆ ಹೇಳಿ ಎನ್ನುತ್ತಿದ್ದಳು.

"ಆಗ ತಾನೇ ಶುರುವಾಗಿತ್ತು," ಎಂದೆ.

"ಹೋಗಿದ್ರೆ ಸಿಗ್ತಿದ್ಲಾ?"

"ಸಿಗ್ತಿದ್ಲು. ಮಾತಾಡ್ತಿದ್ಲು."

ಅವನು ಕಿಟಕಿಯ ಕಡೆ ತಿರುಗಿದ. ಕೆಳಗೆ ಯಾವುದೋ ಲಾರಿ ಹಿಂದೆ ಹಿಂದೆ ಸರಿಯುತ್ತಾ ಸದ್ದು ಮಾಡುತ್ತಿತ್ತು. ಅದು ನಿಂತಿತು.

"ತಪ್ಪಾಯ್ತು ಕಣೋ," ಎಂದೆ. ಒಂಬತ್ತು ವರ್ಷ ಹೊತ್ತ ಮಾತು ಆ ಕೋಣೆಯಲ್ಲಿ ಇಷ್ಟೇ ಇಷ್ಟಾಯಿತು.

"ಹೂಂ," ಎಂದ. ಆಮೇಲೆ ನನ್ನ ಕಡೆ ನೋಡದೆ, "ರುಚಿ ಅದೇ ಇತ್ತು. ಅದೇ ನನ್ನ ಸುಡ್ತಿರೋದು. ಐದು ವಾರ ನಿನ್ನ ಕೈಯಡುಗೆ ತಿಂದು ಹೊಗಳ್ತಾ ಕೂತಿದ್ದೆ. ಇವಳಿಗೆ ಸರಿಯಾಗಿ ಕಲಿಸು. ಅವಳು ಮಾಡಿದ್ದನ್ನ ತಿಂತೀನಿ, ಸಾಯಲ್ಲ. ನೀನು ತಟ್ಟಿದ್ದು ಈ ಮನೆಗೆ ಬರಕೂಡದು. ನೀನೂ ಬರಬೇಡ. ಇಳಿಯುವಾಗ ಕಂಬಿ ಹಿಡ್ಕೊಂಡು ಇಳಿ."

ಮುಂದಿನ ಎರಡು ವಾರ ನನ್ನ ಅಡುಗೆಮನೆಯಲ್ಲಿ ಅವಳಿಗೆ ಕಲಿಸಿದೆ. ಒಂದನ್ನೂ ನಾನು ಮುಟ್ಟಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ಬಾಯಲ್ಲೇ ಹೇಳಿದೆ. ಅವಳಿಗೆ ತಾಳ್ಮೆ ಇಲ್ಲ. ಕಾವಲಿಯ ಮೇಲೆ ಹಾಕಿದ ಕೂಡಲೇ ಸಟ್ಟುಗದಿಂದ ಅಂಚು ಎತ್ತಿ ಎತ್ತಿ ನೋಡುತ್ತಾಳೆ.

"ಹೊಲಿಗೆ ಹಾಕಿ ಹಾಕಿ ಬಿಚ್ಚಿ ನೋಡ್ತೀಯೇನಮ್ಮ? ಬಿಡು. ತಾನಾಗಿ ಕಾವಲಿ ಬಿಡುತ್ತೆ."

"ಬಿಡದೇ ಇದ್ರೆ?"

"ಕಾಯ್ಬೇಕು."

ಮೊದಲು ಹತ್ತರಲ್ಲಿ ಏಳು ಒಡೆದವು. ಆಮೇಲೆ ನಾಲ್ಕು. ಪ್ರತಿ ಸಲ ಒಂದು ಕಡಿಮೆಯಾದಾಗ ಅವಳು ಹಿಗ್ಗುತ್ತಿದ್ದಳು, ನಾನು ಭೇಷ್ ಎನ್ನುತ್ತಿದ್ದೆ. ಕಾಳು ಆರುವ ಹೊತ್ತು, ಜೀರಿಗೆಯ ಚಮಚ, ಬೆಂಕಿಯ ಎತ್ತರ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಅಂಕಿ ಹಾಕಿ ಬರೆದುಕೊಂಡಳು. ಕೊನೆಯ ದಿನ ಹತ್ತಕ್ಕೆ ಹತ್ತೂ ನಿಂತವು. ಒಂದನ್ನು ಮುರಿದು ತಿಂದೆ. ಉಪ್ಪು ಒಂದು ಚೂರು ಮುಂದಿತ್ತು. ಹೇಳಲಿಲ್ಲ. ನಾಳೆ ಇದನ್ನೇ ಕೇಳಲು ಇನ್ನೊಮ್ಮೆ ಬಂದಾಳು ಎಂದುಕೊಂಡಿರಬೇಕು.

ಬರಲಿಲ್ಲ.

ತಿಂಗಳಾದ ಮೇಲೆ ಬ್ರೆಡ್ಡಿನ ಅಂಗಡಿಯ ಸಾಲಿನಲ್ಲಿ ಸಿಕ್ಕಳು. ಕೈಯಲ್ಲಿ ಬನ್ನಿನ ಪೊಟ್ಟಣ.

"ಹೇಗಿದ್ದಾನೆ?"

"ದಿನಾ ಎರಡು ತಿಂತಾರೆ ಭಾವ. ಬೀದಿ ಎರಡು ಸುತ್ತು ಹಾಕ್ತಾರೆ. ಉಪ್ಪು ಜಾಸ್ತಿ ಅಂದ್ರು, ನಾನೇ ಸರಿ ಮಾಡ್ಕೊಂಡೆ."

"ನನ್ನ ವಿಚಾರ ಏನಾದ್ರೂ ಬರುತ್ತಾ?"

ಅವಳು ಪೊಟ್ಟಣವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದಳು. ನನ್ನ ಮನಸ್ಸಿಗೆ ನೋವಾಗದಂತೆ ಏನಾದರೂ ಹೇಳಬಹುದಿತ್ತು.

"ಇಲ್ಲ ಭಾವ," ಎಂದಳು. ಸಾಲು ಮುಂದೆ ಸರಿಯಿತು.