ಅತ್ತಿಗೆಯ ಕೋಣೆಯ ಗಾಳಿ

ಫೋಟೋಗ್ರಾಫರನಿಗೆ ಬೆಳಗಿನ ಕಾರ್ಯಕ್ರಮಗಳೇ ಹೆಚ್ಚು. ಎದ್ದ ಕೂಡಲೇ ಕಾರನ್ನು ಚಾಲೂ ಮಾಡಿ ಬಿಟ್ಟು, ಒಳಗೆ ಹೋಗಿ ಕಾಫಿ ಕುಡಿದು ಬರುವುದು ಅವನ ರೂಢಿ. ಕಾರು ಹಳೆಯದಾದಂತೆ ಆ ಹೊತ್ತಿನಲ್ಲಿ ಬಾನೆಟ್ಟಿನಿಂದ ಗುಂಯ್ ಎಂಬ ಸದ್ದು ಜೋರಾಯಿತು.

"ಗಾಳಿ ಊದೋ ಪಂಪು ಸಾರ್, ಸವೆದಿದೆ," ಎಂದ ಮೆಕ್ಯಾನಿಕ್. "ಎಂಜಿನ್ ತಣ್ಣಗಿದ್ದಾಗ ಪೆಟ್ರೋಲು ಪೂರ್ತಿ ಉರಿಯಲ್ಲ. ಹೊಗೆ ಹೊರಗೆ ಹೋಗೋ ದಾರಿಗೆ ಇದು ಹೊಸ ಗಾಳಿ ಊದುತ್ತೆ, ಉಳಿದದ್ದು ಅಲ್ಲೇ ಸುಟ್ಟುಹೋಗುತ್ತೆ. ಬೇರೆ ಹಾಕಿಸಿ."

"ಅದಿಲ್ಲದಿದ್ರೆ ಕಾರು ಓಡಲ್ವಾ?"

"ಓಡುತ್ತೆ. ಹೊಗೆ ಮಾತ್ರ ಕೆಡುತ್ತೆ."

"ಹಾಗಾದ್ರೆ ಕಿತ್ತಾಕಿ ಪೈಪು ಮುಚ್ಚಿಬಿಡಪ್ಪ. ತಲೆನೋವು ತಪ್ಪಲಿ."

ಸದ್ದು ನಿಂತಿತು. ಸ್ಟೀರಿಂಗಿನ ಮುಂದೆ ಎಚ್ಚರಿಕೆಯ ಹಳದಿ ದೀಪವೊಂದು ಉರಿಯತೊಡಗಿತು. ಅದಕ್ಕೂ ಅವನ ಕಣ್ಣು ಒಗ್ಗಿಹೋಯಿತು.

ಕಾರು ನಿಲ್ಲುತ್ತಿದ್ದ ಜಾಗದ ಮೇಲೆಯೇ ಅತ್ತಿಗೆಯ ಕೋಣೆ. ತಾಯಿಯಿಲ್ಲದ ಮೈದುನನನ್ನು ಕೈತುತ್ತು ಹಾಕಿ ಬೆಳೆಸಿದವಳು. ಅಣ್ಣ ತೀರಿಕೊಂಡ ಮೇಲೂ ಮನೆಗೆ ದೊಡ್ಡವಳಾಗಿ ಉಳಿದವಳು. ಅವಳಿಗೆ ಮೊದಲಿನಿಂದಲೂ ಸ್ವಲ್ಪ ಉಬ್ಬಸವಿತ್ತು.

"ಬೆಳಿಗ್ಗೆ ಕಾರು ತುಂಬ ನಾರುತ್ತಪ್ಪ," ಎಂದಳು ಒಮ್ಮೆ.

"ಕಾರಿಂದ ಸಾಂಬ್ರಾಣಿ ಹೊಗೆ ಬರುತ್ತಾ ಅತ್ತಿಗೆ? ಕಿಟಕಿ ಹಾಕ್ಕೊಳ್ಳಿ," ಎಂದು ನಗೆಯಾಡಿದ.

ಅವಳು ಕಿಟಕಿ ಹಾಕಿಕೊಂಡಳು. ಮತ್ತೆ ಆ ಮಾತೆತ್ತಲಿಲ್ಲ. ಚಳಿ ಶುರುವಾಗುವ ಹೊತ್ತಿಗೆ ತಂಗಿಯ ಮನೆಗೆ ಹೊರಟು ನಿಂತಳು. "ಎದೆಗೆ ಒಂದಿಷ್ಟು ಗಾಳಿ ಬೇಕು ಕಣೋ," ಎಂದಳಷ್ಟೇ. ಇದು ಹೆಂಗಸರಿಬ್ಬರ ನಡುವಿನ ಮುನಿಸು ಎಂದುಕೊಂಡ ಅವನು ಹೆಂಡತಿಯನ್ನು ಸುಮ್ಮನೆ ಗದರಿದ. ಪಾಪ, ಅವಳು ಅತ್ತುಬಿಟ್ಟಳು.

ಖಾಲಿ ಕೋಣೆಗೆ ಕಂಪ್ಯೂಟರ್ ತಂದಿಟ್ಟುಕೊಂಡ. ಒಂದು ಬೆಳಿಗ್ಗೆ ಅಲ್ಲಿ ಕೂತು ಫೋಟೋ ತಿದ್ದುತ್ತಿದ್ದಾಗ ಕೆಳಗೆ ಹೆಂಡತಿ ಕಾರು ಚಾಲೂ ಮಾಡಿದಳು. ಮುಚ್ಚಿದ ಕಿಟಕಿಯ ಸಂದಿಯಿಂದಲೇ ಹಸಿ ಪೆಟ್ರೋಲಿನ ಘಾಟು ನುಗ್ಗಿತು. ಗಂಟಲು ಕೆರೆಯಿತು, ಕಣ್ಣಲ್ಲಿ ನೀರು ಬಂತು. ಎದ್ದು ಬಾಗಿಲಿನತ್ತ ಓಡಿದವನು ಹೊಸ್ತಿಲಲ್ಲೇ ನಿಂತುಬಿಟ್ಟ. ದಿನವೂ ಇಲ್ಲೇ ಇದ್ದ ಅತ್ತಿಗೆ ಎಲ್ಲಿಗೆ ಓಡಬೇಕಿತ್ತು?

ಅಂದೇ ಹೊಸ ಪಂಪು ಹಾಕಿಸಿದ. ಹೆಂಡತಿಯ ಮುಂದೆ ತಪ್ಪು ಒಪ್ಪಿಕೊಂಡ. ಭಾನುವಾರ ಅತ್ತಿಗೆಯ ಬಳಿಗೆ ಹೋದ. ಕೈಯಲ್ಲಿ ಉಬ್ಬಸದ ಔಷಧಿ ಸೇದುವ ಪಂಪು ಹಿಡಿದುಕೊಂಡೇ ಅವಳು ಬಾಗಿಲು ತೆರೆದಳು. ಮೊದಲು ಅಪರೂಪಕ್ಕೊಮ್ಮೆ ಬೇಕಾಗುತ್ತಿದ್ದದ್ದು ಈಗ ಹಗಲೂ ರಾತ್ರಿ ಜೊತೆಗಿರಬೇಕಂತೆ.

ಎಲ್ಲವನ್ನೂ ಹೇಳಿ, "ಸರಿ ಮಾಡಿಸಿದ್ದೀನಿ ಅತ್ತಿಗೆ, ಮನೆಗೆ ಬನ್ನಿ," ಎಂದ.

"ನಿನ್ನ ಮೇಲೆ ಕೋಪ ಇಲ್ಲಪ್ಪ. ಆದ್ರೆ ಆ ಮೆಟ್ಟಿಲು ಹತ್ತೋಕೆ ಇನ್ನು ನನ್ನ ಕೈಲಾಗಲ್ಲ," ಎಂದಳು. ಸ್ವಲ್ಪ ಹೊತ್ತು ಸುಧಾರಿಸಿಕೊಂಡು ಅಂಗಳದತ್ತ ನೋಡಿದಳು. "ಕಾರೆಲ್ಲೋ?"

"ಬೀದಿಯ ಆ ತುದಿಯಲ್ಲಿ ನಿಲ್ಲಿಸಿ ಬಂದೆ."

"ಸರಿ ಮಾಡಿಸಿದ ಮೇಲೆ ಬಾಗಿಲಿಗೇ ತರಬಹುದಿತ್ತಲ್ಲೋ, ಹುಚ್ಚಪ್ಪ. ಬಿಸಿಲಲ್ಲಿ ನಡೆದು ಬಂದಿದ್ದೀಯ," ಎಂದು ಅವಳು ಗೋಡೆ ಹಿಡಿದುಕೊಂಡು ಅವನಿಗೆ ನೀರು ತರಲು ಒಳಗೆ ನಡೆದಳು.