ಷರಾ ಕಾಲಂನಲ್ಲಿ ಬರೆದದ್ದು

ತುರ್ತು ಚಿಕಿತ್ಸಾ ವಿಭಾಗದಲ್ಲಿ ನನ್ನ ಕೆಲಸ ಗೋಡೆಯಾಗಿರುವುದು. ರೋಗಿ ಬಾಗಿಲು ದಾಟಿದ ಮೇಲೆ ಡಾಕ್ಟರು ಅವನನ್ನು ಮುಟ್ಟುವವರೆಗೆ ಎಷ್ಟು ನಿಮಿಷ ಹಿಡಿಯುತ್ತದೆ ಎಂದು ಬರೆದುಕೊಳ್ಳಬೇಕು, ಅಷ್ಟೆ. ಅಧ್ಯಯನ ನಡೆಸುವ ಪ್ರೊಫೆಸರು ಮೊದಲ ದಿನವೇ ಹೇಳಿದ್ದರು: "ನೀನು ಮಧ್ಯೆ ಬಾಯಿ ಹಾಕಿದ್ರೆ ಎಲ್ಲಾ ಕೆಡುತ್ತೆ. ಕಂಡದ್ದು, ಕೇಳಿದ್ದು ಏನಿದ್ರೂ ಷರಾ ಕಾಲಂನಲ್ಲಿ ಬರಿ." ನನಗೆ ಇದಕ್ಕಿಂತ ಒಗ್ಗುವ ಕೆಲಸ ಇರಲಿಲ್ಲ. ಮನೆಯಲ್ಲೂ ನಾನು ಉಪ್ಪು ಬೇಕೆಂದು ಕೇಳದೆ ಸಪ್ಪೆಯನ್ನೇ ಉಂಡೇಳುವವಳು.

ಬಾಗಿಲ ಪಕ್ಕದ ಮೇಜಿನಲ್ಲಿ ಹಿರಿಯ ನರ್ಸ್. ಎಲ್ಲರಿಗೂ ಅವರು ದೊಡ್ಡಕ್ಕ. ಬಂದವರನ್ನು ವಿಚಾರಿಸಿ ಮಣಿಕಟ್ಟಿಗೆ ಪಟ್ಟಿ ಕಟ್ಟುತ್ತಾರೆ. ಕೆಂಪಾದರೆ ತಕ್ಷಣ ಒಳಗೆ, ಹಳದಿಯಾದರೆ ಕಾಯಬೇಕು, ಹಸಿರಾದರೆ ಇನ್ನೂ ಕಾಯಬೇಕು.

"ಏನೇ ಗೋಡೆಮ್ಮ, ಮಾತಾಡಿದ್ರೆ ಮುತ್ತು ಉದುರಿಹೋಗುತ್ತಾ?" ಎಂದು ದಿನಾ ಕಾಡುತ್ತಿದ್ದರು. ನಾನು ನಕ್ಕು ಹಾಳೆ ತಿರುವುತ್ತಿದ್ದೆ.

ಅಂದು ಮಧ್ಯಾಹ್ನ ಒಂದೂ ಐವತ್ತಕ್ಕೆ ಅಣ್ಣತಮ್ಮ ಬಂದರು. ಅಣ್ಣ ಬಾಗಿಲು ತುಂಬುವಂಥ ಆಳು, ಗ್ಯಾರೇಜಿನವನು, ಮೊಣಕೈವರೆಗೂ ಗ್ರೀಸ್. ತಮ್ಮ ಹೊಟ್ಟೆ ಹಿಡಿದು ಬಗ್ಗಿದ್ದ.

"ಮೆಟ್ಟಿಲಿಂದ ಜಾರಿದ," ಅಂದ ಅಣ್ಣ.

"ಎಷ್ಟು ಮೆಟ್ಟಿಲು?"

"ಎರಡು."

ದೊಡ್ಡಕ್ಕ ಬಿಪಿ ನೋಡಿದರು. ಸರಿಯಾಗಿಯೇ ಇತ್ತು. "ಬೇರೆ ಏಟೇನೂ ಬಿದ್ದಿಲ್ವೇನಪ್ಪಾ?" ಹುಡುಗ ಅಣ್ಣನ ಮುಖ ನೋಡಿ, ಇಲ್ಲವೆಂದು ತಲೆಯಾಡಿಸಿದ. ಹಳದಿ ಪಟ್ಟಿ.

ಅವರು ನನ್ನ ಹಿಂದಿನ ಸಾಲಿನಲ್ಲೇ ಕೂತರು.

"ಎಡಭುಜ ಯಾಕೋ ಎಳೀತಿದೆ ಕಣಣ್ಣ."

"ಮುಚ್ಕೊಂಡು ಕೂರು. ನಾನು ಒದ್ದೆ ಅಂತ ಬಾಯಿಬಿಟ್ಯೋ, ಇನ್ನೊಂದು ಬೀಳುತ್ತೆ."

"ಬೂಟಲ್ಲಿ ಒದೀಬಾರ್ದಿತ್ತು ನೀನು."

"ಅಪ್ಪನ ಕತ್ತಿನಪಟ್ಟಿ ಹಿಡಿದ್ಯಲ್ಲ, ಅದು ಹಿಡೀಬೋದಿತ್ತಾ?"

ನಾನು ಬರೆದೆ: 2.10. ಅಣ್ಣನೇ ಬೂಟುಗಾಲಿನಿಂದ ಹೊಟ್ಟೆಗೆ ಒದ್ದಿದ್ದಾನೆ. ಎಡಭುಜ ನೋವು. ಅಕ್ಷರ ದುಂಡಗೆ ಬಂದಿತ್ತು. ದೊಡ್ಡಕ್ಕ ನನ್ನಿಂದ ಆರು ಹೆಜ್ಜೆ ದೂರದಲ್ಲಿದ್ದರು.

2.30. ಹಣೆಯಲ್ಲಿ ಬೆವರು. 2.40. ತುಟಿ ಬಿಳಿಚಿದೆ. ಅದನ್ನೂ ಬರೆದೆ. ಒಮ್ಮೆ ಎದ್ದೂ ನಿಂತೆ. ದೊಡ್ಡಕ್ಕನ ಮುಂದೆ ಅಪಘಾತದವರಿಬ್ಬರು ನರಳುತ್ತಿದ್ದರು. ಮತ್ತೆ ಕೂತುಬಿಟ್ಟೆ.

ಎರಡೂ ಐವತ್ತೆರಡಕ್ಕೆ ಅಣ್ಣ ಎದ್ದ. "ಗಂಟೆ ಆಯ್ತು ಬಂದು! ನಮ್ಮ ಹಿಂದೆ ಬಂದೋರೆಲ್ಲ ಒಳಗೆ ಹೋದ್ರು. ನನ್ ತಮ್ಮ ಏನು ಬಿಟ್ಟಿ ಬಂದಿದಾನಾ?"

"ಕರೀತೀವಿ, ಕೂತ್ಕೊಳಪ್ಪ. ಎರಡು ಮೆಟ್ಟಿಲು ತಾನೇ..."

ಅಣ್ಣ ಪಕ್ಕದ ಡ್ರಿಪ್ ಕಂಬ ಎತ್ತಿ ಮೇಜಿನ ಗಾಜಿನ ಮೇಲೆ ಬೀಸಿದ. ಗಾಜು ಚೂರಾಗಿ ಹಾರಿತು. ಎರಡನೆಯ ಏಟಿಗೆ ದೊಡ್ಡಕ್ಕ ಬಲಗೈ ಅಡ್ಡ ಹಿಡಿದರು. ಮೂಳೆ ಮುರಿದದ್ದು ನಾನು ಕೂತಲ್ಲಿಗೇ ಕೇಳಿಸಿತು. ಅವರ ಕೂದಲು ಹಿಡಿದು ಹಣೆಯನ್ನು ಮೇಜಿಗೆ ಕುಟ್ಟಿದ. ಹಿಂದಿನಿಂದ ಕುತ್ತಿಗೆಗೆ ಜೋತುಬಿದ್ದ ಸೆಕ್ಯುರಿಟಿಯವನನ್ನು ಗೋಡೆಗೆ ಎಸೆದ. ಸೆಕ್ಯುರಿಟಿಯವನ ಹಲ್ಲೊಂದು ಉರುಳಿಕೊಂಡು ನನ್ನ ಚಪ್ಪಲಿಯ ಬಳಿ ಬಂದು ನಿಂತಿತು. ಅಟೆಂಡರುಗಳು, ಡಾಕ್ಟರು, ಎಲ್ಲರೂ ಅವನ ಮೇಲೆ ಬಿದ್ದರು.

ತಮ್ಮ ಕುರ್ಚಿಯಿಂದ ಮೆಲ್ಲಗೆ ನೆಲಕ್ಕೆ ಜಾರಿದ್ದನ್ನು ನೋಡಿದವಳು ನಾನೊಬ್ಬಳೇ. ಕಣ್ಣುಗುಡ್ಡೆ ಮೇಲೆ ಹೋಗಿತ್ತು. ಕೈ ಹಿಡಿದರೆ ಮಂಜುಗಡ್ಡೆ.

"ಡಾಕ್ಟ್ರೇ!" ಯಾರೂ ತಿರುಗಲಿಲ್ಲ. "ಡಾಕ್ಟ್ರೇ, ಮೆಟ್ಟಿಲು ಸುಳ್ಳು! ಅಣ್ಣನೇ ಇವನ ಹೊಟ್ಟೆಗೆ ಒದ್ದಿರೋದು! ಬೂಟಲ್ಲಿ ಒದ್ದಿದಾನೆ!" ಕಿರುಚಿ ಕಿರುಚಿ ಗಂಟಲು ಹರಿದಂತಾಯಿತು.

ಡಾಕ್ಟರು ಅವನನ್ನು ಬಿಟ್ಟು ಇತ್ತ ಓಡಿಬಂದರು. ಆ ಒಂದು ಹಿಡಿತ ಸಡಿಲಿದ್ದೇ ಸಾಕಾಯಿತು. ಅಣ್ಣ ಕೊಸರಿಕೊಂಡು ನನ್ನ ಮೇಲೆ ಬಂದ. ಮೊದಲ ಗುದ್ದು ಕಿವಿಗೆ, ಎರಡನೆಯದು ಬಾಯಿಗೆ. ಬಿದ್ದವಳ ಪಕ್ಕೆಗೆ ಅದೇ ಬೂಟು. ಸ್ಟ್ರೆಚರಿನ ಚಕ್ರಗಳು ಒಳಗೆ ಓಡಿದ್ದನ್ನು ನೆಲದಲ್ಲಿ ಬಿದ್ದುಕೊಂಡೇ ನೋಡಿದೆ. ಆಮೇಲೆ ನಾಲ್ವರು ಅವನ ಬೆನ್ನ ಮೇಲೆ ಕೂತು, ಕೈ ಹಿಂದಕ್ಕೆ ತಿರುಚಿ ಬ್ಯಾಂಡೇಜಿನಲ್ಲಿ ಬಿಗಿದರು.

"ನನ್ ತಮ್ಮನ್ನ ಎಲ್ಲಿಗೆ ಒಯ್ದ್ರೋ?" ಎಂದು ಅವನು ನೆಲಕ್ಕೆ ಹಣೆ ಚಚ್ಚಿಕೊಳ್ಳುತ್ತಿದ್ದ.

ಐದು ಗಂಟೆಗೆ ಡಾಕ್ಟರು ಹೊರಬಂದರು. ಒದೆತಕ್ಕೆ ಎಡಪಕ್ಕೆಯೊಳಗಿನ ಗುಲ್ಮ, ಅಂದರೆ ಸ್ಪ್ಲೀನ್, ಒಡೆದು ಹೊಟ್ಟೆ ತುಂಬ ರಕ್ತವಾಗಿತ್ತಂತೆ; ಎಡಭುಜ ಎಳೆದದ್ದೂ ಅದಕ್ಕೇ ಅಂತೆ. ಗುಲ್ಮವನ್ನೇ ತೆಗೆದುಹಾಕಿದ್ದಾರೆ. ಹುಡುಗ ಉಳಿದ.

ದೊಡ್ಡಕ್ಕ ಕಟ್ಟು ಹಾಕಿದ ಕೈಯನ್ನು ಎದೆಗೊತ್ತಿಕೊಂಡು ನನ್ನ ಪಕ್ಕ ಕೂತರು. ಹಣೆಯಲ್ಲಿ ಏಳು ಹೊಲಿಗೆ. ರಕ್ತ ಮೆತ್ತಿದ ನನ್ನ ಹಾಳೆಗಳನ್ನು ಎಡಗೈಯಲ್ಲಿ ಎತ್ತಿ ಓದಿದರು.

"ಎರಡೂ ಹತ್ತಕ್ಕೇ ಗೊತ್ತಿತ್ತೇನೇ ನಿಂಗೆ?"

ನಾನು ಹೌದೆಂದು ತಲೆಯಾಡಿಸಿದೆ.

"ಒಂದು ಮಾತು ಅಂದಿದ್ರೆ ಕೆಂಪು ಪಟ್ಟಿ ಕಟ್ಟಿ ಆಗಲೇ ಒಳಗೆ ಕಳಿಸ್ತಿದ್ನಲ್ಲೇ."

"ಬರೆದಿದ್ದೆ, ಅಕ್ಕಾ..."

ಎಡಗೈಯಿಂದಲೇ ಕೆನ್ನೆಗೆ ಬಾರಿಸಿದರು. ಸೀಳಿದ್ದ ತುಟಿ ಮತ್ತೆ ಬಿಚ್ಚಿಕೊಂಡಿತು. ಯಾರೂ ಅಡ್ಡ ಬರಲಿಲ್ಲ.

ಪೊಲೀಸರು ಬಂದಿದ್ದರು. ಬೇಡಿ ಹಾಕಿಸಿಕೊಂಡ ಅಣ್ಣ ನನ್ನನ್ನೇ ದಿಟ್ಟಿಸುತ್ತಿದ್ದ. ಏನಾಯಿತೆಂದು ಇನ್ಸ್‌ಪೆಕ್ಟರು ಕೇಳಿದರು.

"ಬರೆದುಕೊಡ್ಲಾ ಸಾರ್?"

"ಬರ್ಕೊಳ್ಳೋದು ನಮ್ಮ ಕೆಲಸ ಕಣಮ್ಮ. ನೀನು ಹೇಳು."

ಒಂದೂ ಐವತ್ತರಿಂದ ಶುರುಮಾಡಿದೆ. ಎರಡೂ ಹತ್ತಕ್ಕೆ ಬಂದಾಗ ದೊಡ್ಡಕ್ಕ ಮುಖ ಆ ಕಡೆ ತಿರುಗಿಸಿಕೊಂಡರು. ನಾನು ನಿಲ್ಲಿಸಲಿಲ್ಲ.